ಆಪತ್ಕಾಲದ ಮುಯ್ಯಿ

ಹಾಸನದಿಂದ ಸಕಲೇಶಪುರದ ಕಡೆಗೆ ಪ್ರಯಾಣ ಮಾಡಿರುವ ವಾಚಕರಿಗೆ ಬಾಳ್ಳುಪೇಟೆಯ ಪರಿಚಯ ಇದ್ದೇ ಇರುವುದು. ಆಲೂರಿನ ಸೀಮೆ ಹಿಂದಾಗಿ, ಕಾಫಿಯ ತೋಟಗಳು ದಾರಿಯ ಎರಡು ಪಕ್ಕಗಳಲ್ಲಿಯೂ ಒತ್ತಾಗಿ ಕಾಣತೊಡಗುವ ಎಡೆಯಲ್ಲಿ ಈ ಊರಿದೆ. ಬೆಂಗಳೂರಿನಿಂದ ಮಂಗಳೂರಿಗೆ ಇಳಿಯುವ ಲಾರಿಗಳೂ ಬಸ್ಸುಗಳೂ ಹಗಲಿರುಳೆನ್ನದೆ ಈ ಮಾರ್ಗದಲ್ಲಿ ಸಾಗುತ್ತಿರುವುವು. ಅವುಗಳ ಸದ್ದು ಇಲ್ಲಿಯವರಿಗೆ ಗಡಿಯಾರದ ಸದ್ದಿನಷ್ಟೇ ವಾಡಿಕೆಯಾದುದು. ಅದು ನಿಂತಾಗಲೇ ಅದರ ಅರಿವಾಗುವುದು.

೨೦೧೮ನೆಯ ಇಸವಿಯ ಆಗಸ್ಟ್ ತಿಂಗಳ ನಡುವಿನಲ್ಲಿ ಆ ಸದ್ದು ನಿಂತಿತು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಹೆದ್ದಾರಿಯು ಮುಚ್ಚಿತು. ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವಣ ರೈಲುದಾರಿಯ ಮೇಲೆ ಅನೇಕ ಕಡೆಗಳಲ್ಲಿ ಮಣ್ಣು ಬಂಡೆಗಳು ಉರುಳಿಬಿದ್ದು, ರೈಲಿನ ಸಂಚಾರವು ವಾರಗಟ್ಟಲೆ ಇಲ್ಲವಾಯಿತು. ಬೆಟ್ಟಗಳ ಆಚೆಗೆ ಕೊಡಗಿನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದೆಡೆಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಕುಸಿದು ಮನೆಗಳೂ ತೋಟಗಳೂ ಅಡಗಿಹೋದುವು. ಅದಕ್ಕೂ ಆಚೆಗೆ ಕೇರಳ ರಾಜ್ಯವು ಭೀಕರವಾದ ನೆರೆಗೆ ಸಿಕ್ಕಿದ್ದಿತು. ಅಲ್ಲಿ ನಾನೂರಕ್ಕೂ ಹೆಚ್ಚು ಜನರು ಮೃತಪಟ್ಟರು.

ಆ ದಿನಗಳಲ್ಲಿ ನಾವು ಕಂಡ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳುವೆವು. ಮಳೆಗೆ ಒಂದು ಪಕ್ಕದ ಗೋಡೆ ಬಿದ್ದುಹೋಗಿದ್ದ ಮನೆಯೊಂದಕ್ಕೆ ನೆರೆಹೊರೆಯವರು ಅಕ್ಕಿಯ ಮೂಟೆಯನ್ನೂ ಎರಡು ಕಂಬಳಿಗಳನ್ನೂ ಹೊತ್ತು ತಂದರು. ಮನೆಯೊಡತಿಯು ಬಾಗಿಲಲ್ಲಿ ನಿಂತವಳು ಒಳಗೆ ಬನ್ನಿರೆಂದೂ ಅನ್ನಲಿಲ್ಲ, ಹೋಗಿರೆಂದೂ ಅನ್ನಲಿಲ್ಲ. ಬಂದವರಲ್ಲಿ ಹಿರಿಯರೊಬ್ಬರು, "ತಾಯಿ, ಇದು ದಾನವಲ್ಲ, ಮುಯ್ಯಿ. ನಮ್ಮ ಮನೆಯ ಗೋಡೆ ಬಿದ್ದಾಗ ಹಿಂದಕ್ಕೆ ಕೊಡುವಿರಂತೆ" ಎಂದರು. ಆಕೆ ಒಳಕ್ಕೆ ಹೋಗಿ, ಮಗನ ಶಾಲೆಯ ನೋಟುಪುಸ್ತಕವೊಂದನ್ನು ತಂದು, "ಹಾಗಾದರೆ ಬರೆಯಿರಿ" ಎಂದಳು. ಅಕ್ಕಿ ಇಷ್ಟು, ಕಂಬಳಿ ಇಷ್ಟು ಎಂದು ಬರೆದ ಮೇಲೆಯೇ ಮೂಟೆಯು ಹೊಸ್ತಿಲನ್ನು ದಾಟಿತು.

ಮುಯ್ಯಿ ಎಂಬ ಮಾತು ನಮ್ಮ ಗೃಹಸ್ಥರಿಗೆ ಹೊಸದಲ್ಲ. ಮದುವೆಯ ಮನೆಯಲ್ಲಿ ನಂಟರಿಷ್ಟರು ಮಾಡಿದ ಉಡುಗೊರೆಯನ್ನು ಮುಯ್ಯಿಯೆಂದು ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಅದನ್ನು ತೀರಿಸುವುದು ವಾಡಿಕೆ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಯಲ್ಲಿ ಮತ್ತೊಬ್ಬರು ಕೂಲಿಯಿಲ್ಲದೆ ದುಡಿದು, ತಮ್ಮ ಸರದಿ ಬಂದಾಗ ಆ ದುಡಿಮೆಯನ್ನು ಹಿಂದಕ್ಕೆ ಪಡೆಯುವುದಕ್ಕೂ ಮುಯ್ಯಾಳೆಂದೇ ಹೆಸರು. ಇದರಲ್ಲಿ ಕೊಡುವವನ ಕೈ ಮೇಲಲ್ಲ, ಕೊಳ್ಳುವವನ ಕೈ ಕೆಳಗಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು, ಅದೇ ಆಗಸ್ಟ್ ತಿಂಗಳಲ್ಲಿ ದೇಶವೆಲ್ಲವನ್ನೂ ಆವರಿಸಿದ ಒಂದು ವಾದವನ್ನು ವಾಚಕರ ಮುಂದೆ ಇಡಬೇಕೆಂದಿರುವೆವು.

ಆಗಸ್ಟ್ ೨೧ರಂದು ಕೇರಳದ ಮುಖ್ಯಮಂತ್ರಿಗಳಾದ ಪಿಣರಾಯಿ ವಿಜಯನ್ ಅವರು, ಸಂಯುಕ್ತ ಅರಬ್ ಸಂಸ್ಥಾನದವರು ತಮ್ಮ ರಾಜ್ಯಕ್ಕೆ ೭೦೦ ಕೋಟಿ ರೂಪಾಯಿಗಳ ನೆರವನ್ನು ಕೊಡುವರೆಂದು ತಿಳಿಸಿದರು. ಕೇರಳದ ಲಕ್ಷಾಂತರ ಜನರು ಆ ದೇಶದಲ್ಲಿ ದುಡಿದು ಅದರ ಏಳಿಗೆಗೆ ಕಾರಣರಾಗಿರುವುದರಿಂದ ಈ ನೆರವು ಸಹಜವಾದುದೆಂದು ಅಲ್ಲಿಯ ಅರಸರ ಮಾತಿನಿಂದಲೂ ತೋರುತ್ತಿದ್ದಿತು. ಕತಾರ್ ಮತ್ತು ಮಾಲ್ದೀವ್ಸ್ ದೇಶಗಳೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕೊಡುವೆವೆಂದುವು. ಆದರೆ ಮರುದಿನವೇ ಭಾರತ ಸರಕಾರದ ವಿದೇಶಾಂಗ ಇಲಾಖೆಯು, ನಡೆದುಬಂದಿರುವ ನೀತಿಯಂತೆ ಪರಿಹಾರ ಮತ್ತು ಪುನರ್ವಸತಿಯ ಕಾರ್ಯಗಳನ್ನು ದೇಶದ ಸ್ವಂತ ಪ್ರಯತ್ನದಿಂದಲೇ ನಡೆಯಿಸುವುದಾಗಿ ಪ್ರಕಟಿಸಿತು. ಹೊರದೇಶಗಳಲ್ಲಿರುವ ಭಾರತೀಯರೂ ಧರ್ಮಸಂಸ್ಥೆಗಳೂ ಪರಿಹಾರ ನಿಧಿಗಳಿಗೆ ಕೊಡಬಹುದು. ಸರಕಾರಗಳು ಕೊಡುವುದು ಬೇಡವೆಂಬುದೇ ಅದರ ತಾತ್ಪರ್ಯ. ತಮ್ಮ ದೇಶದ ನೆರವನ್ನು ಭಾರತವು ವಿನಯದಿಂದ ಬೇಡವೆಂದಿತೆಂದು ಥಾಯ್ಲೆಂಡಿನ ರಾಯಭಾರಿಗಳು ತಿಳಿಸಿದರು. ಇನ್ನೆರಡು ದಿನಗಳೊಳಗಾಗಿ ಅರಬ್ ಸಂಸ್ಥಾನದ ರಾಯಭಾರಿಗಳು, ತಾವು ಇಷ್ಟೇ ಮೊತ್ತವೆಂದು ಇನ್ನೂ ನಿಶ್ಚಯಿಸಿಲ್ಲವೆಂದರು. ಹೀಗೆ ಕೊಡುವವರು, ಕೊಳ್ಳುವವರು, ನಡುವೆ ನಿಂತವರು ಮೂವರ ಮಾತೂ ಒಂದಕ್ಕೊಂದು ಹೊಂದದೆ, ವಾದವು ಬೆಳೆಯಿತು.

ಕೇಂದ್ರ ಸರಕಾರವು ಆ ಹೊತ್ತಿಗೆ ತತ್ಕಾಲದ ಪರಿಹಾರವಾಗಿ ಕೇರಳಕ್ಕೆ ಕೊಟ್ಟಿದ್ದುದು ೬೦೦ ಕೋಟಿ ರೂಪಾಯಿ. ಹೊರಗಿನವರು ಕೊಡುವೆವೆಂದ ಮೊತ್ತವು ಮನೆಯವರು ಕೊಟ್ಟುದಕ್ಕಿಂತ ಹೆಚ್ಚಾಗಿ ಕಂಡುದೇ ಕಿಡಿಗೆ ಗಾಳಿಯಾಯಿತು. ನಮ್ಮ ಪೇಟೆಯ ಚಹದಂಗಡಿಗಳ ಬೆಂಚಿನ ಮೇಲೆಯೂ ಪಕ್ಷ ಪ್ರತಿಪಕ್ಷಗಳು ಏರ್ಪಟ್ಟುವು. "ಕೈಯೊಡ್ಡುವುದಕ್ಕೆ ನಾವೇನು ಗತಿಗೆಟ್ಟವರೇ?" ಎಂದು ಕೆಲವರು. "ಮುಳುಗುವವನಿಗೆ ಹಗ್ಗ ಯಾರದಾದರೇನು?" ಎಂದು ಮತ್ತೆ ಕೆಲವರು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು.

ಬೇಡವೆನ್ನುವ ನೀತಿಯು ಆ ವರ್ಷದಲ್ಲಿ ಹುಟ್ಟಿದುದಲ್ಲ. ೧೯೯೧ರ ಉತ್ತರಕಾಶಿಯ ಭೂಕಂಪದಲ್ಲಿಯೂ, ೧೯೯೩ರಲ್ಲಿ ನಮ್ಮ ಗಡಿಗೆ ಸಮೀಪವಾದ ಲಾತೂರಿನ ಭೂಕಂಪದಲ್ಲಿಯೂ, ೨೦೦೧ರ ಗುಜರಾತಿನ ಭೂಕಂಪದಲ್ಲಿಯೂ ಭಾರತವು ಪರದೇಶಗಳ ನೆರವನ್ನು ಸ್ವೀಕರಿಸಿದ್ದಿತು. ಗುಜರಾತಿಗೆ ಪಾಕಿಸ್ತಾನದಿಂದಲೂ ಗುಡಾರಗಳೂ ಕಂಬಳಿಗಳೂ ಬಂದುವು. ೨೦೦೪ರ ಡಿಸೆಂಬರ್ ೨೬ರಂದು ಸುನಾಮಿಯ ಅಲೆಗಳು ತಮಿಳುನಾಡಿನ ಕರಾವಳಿಯನ್ನೂ ಅಂಡಮಾನ್ ನಿಕೋಬಾರ್ ದ್ವೀಪಗಳನ್ನೂ ಅಪ್ಪಳಿಸಿ ದೇಶದಲ್ಲಿ ಹತ್ತು ಸಾವಿರಕ್ಕೂ ಮೀರಿದ ಜನರನ್ನು ಬಲಿತೆಗೆದುಕೊಂಡಾಗ, ಆಗಿನ ಪ್ರಧಾನಮಂತ್ರಿಗಳಾದ ಮನಮೋಹನ ಸಿಂಗರು, ಸದ್ಯಕ್ಕೆ ನಾವೇ ನಿಭಾಯಿಸಬಲ್ಲೆವು, ಅಗತ್ಯ ಬಿದ್ದರೆ ನೆರವನ್ನು ಪಡೆಯುವೆವು ಎಂಬ ಅರ್ಥದ ಮಾತನ್ನಾಡಿದರು. ಅಷ್ಟೇ ಅಲ್ಲ, ತನ್ನ ಗಾಯವನ್ನು ಕಟ್ಟಿಕೊಳ್ಳುತ್ತಲೇ ಭಾರತದ ನೌಕಾಪಡೆಯು ಶ್ರೀಲಂಕೆಗೂ ಮಾಲ್ದೀವ್ಸಿಗೂ ಇಂಡೊನೇಷ್ಯಕ್ಕೂ ಹಡಗುಗಳನ್ನು ಕಳುಹಿಸಿತು. ಅಂದಿನಿಂದ, ಕೊಡುವವರ ಸಾಲಿನಲ್ಲಿ ನಿಲ್ಲಬೇಕೆಂಬುದು ದೇಶದ ಸಂಕಲ್ಪವಾಯಿತು.

ಈ ಸಂಕಲ್ಪವನ್ನು ಬರಿಯ ಒಣಹೆಮ್ಮೆಯೆಂದು ತಳ್ಳಿಹಾಕಲಾಗದು. ಒಂದು ದೇಶದ ನೆರವನ್ನು ಕೊಂಡು ಮತ್ತೊಂದರದನ್ನು ಬೇಡವೆನ್ನುವುದು ಕಷ್ಟ. ಅನೇಕ ದೇಶಗಳ ತಂಡಗಳು ಒಮ್ಮೆಗೇ ಬಂದಿಳಿದರೆ, ಅವುಗಳ ಊಟ ವಸತಿಗಳನ್ನು ನೋಡಿಕೊಳ್ಳುವುದೇ ನೊಂದ ಊರಿಗೆ ಹೊರೆಯಾಗುವುದುಂಟು. ಇದೆಲ್ಲಕ್ಕೂ ಮಿಗಿಲಾಗಿ, ಹಳೆಯ ನೆನಪೊಂದು ದೇಶದ ಮನಸ್ಸಿನಲ್ಲಿ ಉಳಿದಿರುವುದು. ೧೯೫೧ರಲ್ಲಿ ಧಾನ್ಯದ ಕೊರತೆಯುಂಟಾಗಿ ಭಾರತವು ಅಮೆರಿಕವನ್ನು ಗೋಧಿ ಕೇಳಿದಾಗ, ಅಲ್ಲಿಯ ಶಾಸನಸಭೆಯಲ್ಲಿ ತಿಂಗಳುಗಟ್ಟಲೆ ವಾದ ನಡೆಯಿತು. ಕೊರಿಯಾ ಯುದ್ಧದ ವಿಷಯದಲ್ಲಿ ನೆಹರೂ ಅವರು ಹಿಡಿದ ದಾರಿಯು ಅಲ್ಲಿಯ ಹಲವರಿಗೆ ಹಿಡಿಸಿರಲಿಲ್ಲ. ಕೊನೆಗೆ ಜೂನ್ ತಿಂಗಳಲ್ಲಿ ೧೯ ಕೋಟಿ ಡಾಲರುಗಳ ಸಾಲವಾಗಿ ಅದು ಮಂಜೂರಾಯಿತು. ಮುಂದೆ ೧೯೬೫ರಿಂದ ಎರಡು ವರ್ಷಗಳ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ನರು ಗೋಧಿಯ ಹಡಗುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ, ಭಾರತದ ಕೃಷಿನೀತಿಯನ್ನೂ ವಿಯೆಟ್ನಾಮಿನ ವಿಷಯದಲ್ಲಿ ಅದರ ನಾಲಗೆಯನ್ನೂ ಹಿಡಿತದಲ್ಲಿಡಲು ನೋಡಿದರು. ಹಡಗಿನಿಂದ ನೇರವಾಗಿ ಬಾಯಿಗೆ ಬೀಳುವ ಬದುಕು ಎಂದು ಅಂದಿನವರು ಅದನ್ನು ಹೇಳುತ್ತಿದ್ದರು. ಆ ಕಾಲದಲ್ಲಿ ಶಾಲೆಗೆ ಹೋಗುತ್ತಿದ್ದ ಹಿರಿಯರು, ಹೊರದೇಶದ ಗೋಧಿಯ ರವೆಯ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ಇಂದಿಗೂ ನೆನೆಯುವರು. ಹೊಲಗಳನ್ನೆಲ್ಲ ಕೆಡಿಸಿರುವ ಪಾರ್ಥೇನಿಯಂ ಕಳೆಯ ಬೀಜವು ಆ ಗೋಧಿಯೊಡನೆಯೇ ಬಂದಿತೆಂಬ ನಂಬಿಕೆಯೂ ರೈತರಲ್ಲಿ ಉಂಟು. ಹಸಿದಾಗ ಬಂದ ಅನ್ನಕ್ಕೆ ಕೃತಜ್ಞತೆ, ಅದರೊಡನೆ ಬಂದ ಕಳೆಯ ಭಯ, ಇವೆರಡೂ ಒಟ್ಟಿಗೇ ನಮ್ಮಲ್ಲಿ ಬೆಳೆದುಬಂದಿವೆ.

ಆದರೆ ವಾದದ ಮತ್ತೊಂದು ಪಕ್ಷವನ್ನೂ ತೂಗಿ ನೋಡಬೇಕಷ್ಟೆ. ೨೦೧೬ರಲ್ಲಿ ಪ್ರಕಟವಾದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆಯು, ಭಾರತವು ತಾನಾಗಿ ಪರದೇಶಗಳನ್ನು ನೆರವಿಗಾಗಿ ಯಾಚಿಸುವುದಿಲ್ಲವೆಂದು ಹೇಳಿ, ಅದರೊಡನೆಯೇ, ಮತ್ತೊಂದು ದೇಶದ ಸರಕಾರವು ಸೌಹಾರ್ದದಿಂದ ತಾನಾಗಿ ಕೊಡಮುಂದಾದರೆ ಕೇಂದ್ರ ಸರಕಾರವು ಅದನ್ನು ಸ್ವೀಕರಿಸಬಹುದೆಂದೂ ಹೇಳಿದೆ. ಎಂದರೆ ಬಾಗಿಲಿಗೆ ಅಗುಳಿ ಹಾಕಿಲ್ಲ. ತೆರೆಯುವುದೋ ಬಿಡುವುದೋ ಮನೆಯ ಯಜಮಾನನ ವಿವೇಚನೆಗೆ ಸೇರಿದುದು. ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಶಿವಶಂಕರ ಮೆನನ್ ಅವರು, ೨೦೦೪ರ ನಿರ್ಧಾರವು ತುರ್ತು ರಕ್ಷಣೆಯಲ್ಲಿ ಪರದೇಶದವರು ಪಾಲ್ಗೊಳ್ಳುವುದಕ್ಕೆ ಮಾತ್ರ ಸಂಬಂಧಿಸಿದುದು, ಮನೆಗಳನ್ನೂ ಸೇತುವೆಗಳನ್ನೂ ಮತ್ತೆ ಕಟ್ಟುವ ಕಾರ್ಯಕ್ಕೆ ನೆರವನ್ನು ಆಯಾ ಸಂದರ್ಭ ನೋಡಿ ಕೊಳ್ಳಬಹುದಾಗಿದ್ದಿತು ಎಂದು ಆಗ ನೆನಪುಮಾಡಿದರು. ಅದೇ ಹುದ್ದೆಯಲ್ಲಿದ್ದ ನಿರುಪಮಾ ರಾವ್ ಅವರೂ, ಬೇಡವೆನ್ನುವುದು ಸುಲಭ, ಸಂಕಟದಲ್ಲಿರುವ ಕೇರಳಕ್ಕೆ ಅದು ಅಷ್ಟು ಸುಲಭವಲ್ಲವೆಂಬ ಭಾವವನ್ನು ಸೂಚಿಸಿದರು.

ಈ ಕೊನೆಯ ಮಾತಿನಲ್ಲಿಯೇ ಪ್ರಶ್ನೆಯ ತಿರುಳಿದೆ. ಪರರಾಷ್ಟ್ರಗಳೊಡನೆ ವ್ಯವಹರಿಸುವ ಅಧಿಕಾರವನ್ನು ನಮ್ಮ ಸಂವಿಧಾನವು ಕೇಂದ್ರಕ್ಕೆ ಕೊಟ್ಟಿರುವುದು ಯುಕ್ತವೇ ಸರಿ. ಆದರೆ ಬೇಡವೆನ್ನುವವರು ಒಬ್ಬರು. ಬೇಡವೆಂದುದರ ಬೆಲೆಯನ್ನು ತೆರುವವರು ಮತ್ತೊಬ್ಬರು. ಮನೆಯ ಯಜಮಾನನು ನೆಂಟರ ಮುಂದೆ "ನಮಗೇನೂ ಕೊರತೆಯಿಲ್ಲ" ಎಂದು ಮರ್ಯಾದೆಯನ್ನು ಕಾಪಾಡಿಕೊಂಡ ದಿನ, ಒಳಗೆ ಅರ್ಧಹೊಟ್ಟೆ ಉಣ್ಣುವವಳು ಗೃಹಿಣಿ. ಆಕೆಯನ್ನು ಒಂದು ಮಾತು ಕೇಳಿದ್ದರೆ ಉತ್ತರವು ಬೇರೆಯಾಗುತ್ತಿದ್ದಿತೋ ಏನೋ. ಆ ವರ್ಷದ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯವರೂ ಕೂಡಿ ಮಾಡಿದ ಅಂದಾಜಿನಂತೆ, ಕೇರಳವು ಮತ್ತೆ ಎದ್ದುನಿಲ್ಲುವುದಕ್ಕೆ ಬೇಕಾಗಿದ್ದುದು ಸುಮಾರು ೩೧,೦೦೦ ಕೋಟಿ ರೂಪಾಯಿ. ಬೇಡವೆನ್ನುವ ಯಜಮಾನನು ಆ ಕೊರತೆಯನ್ನು ತಾನೇ ತುಂಬಿದರೆ ಅವನ ಸ್ವಾಭಿಮಾನಕ್ಕೆ ನಾವೆಲ್ಲರೂ ತಲೆಬಾಗುವೆವು. ತುಂಬದಿದ್ದರೆ, ಆ ಸ್ವಾಭಿಮಾನವು ಬೇರೆಯವರ ಹಸಿವಿನ ಮೇಲೆ ಕಟ್ಟಿದ ಗೋಪುರವಾಗುವುದು.

ಕೊಳ್ಳುವುದರಿಂದ ದೊಡ್ಡತನವು ಕುಂದುವುದೆಂಬುದೂ ನಿಜವಲ್ಲ. ೨೦೦೫ರಲ್ಲಿ ಕತ್ರಿನಾ ಎಂಬ ಚಂಡಮಾರುತವು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಜಗತ್ತಿನ ಅತ್ಯಂತ ಸಿರಿವಂತ ದೇಶಕ್ಕೆ ಭಾರತವು ೫೦ ಲಕ್ಷ ಡಾಲರುಗಳನ್ನು ಅಲ್ಲಿಯ ರೆಡ್ ಕ್ರಾಸ್ ಸಂಸ್ಥೆಯ ಮೂಲಕ ಕೊಟ್ಟಿತು. ೨೫ ಟನ್ನುಗಳಷ್ಟು ಸಾಮಗ್ರಿಯನ್ನು ವಿಮಾನದಲ್ಲಿ ಕಳುಹಿಸಿತು. ಅವರು ಅದನ್ನು ಸ್ವೀಕರಿಸಿದರು. ಅವರ ಹಿರಿಮೆಗೆ ಕುಂದೇನೂ ಬರಲಿಲ್ಲ. ಆದರೆ ಅಲ್ಲಿಯ ಕಥೆಯಲ್ಲಿ ಬೇರೊಂದು ಪಾಠವುಂಟು. ಮಿತ್ರರಾದ ಬ್ರಿಟಿಷರು ಕಳುಹಿಸಿದ ಲಕ್ಷಗಟ್ಟಲೆ ಆಹಾರದ ಪೊಟ್ಟಣಗಳು, ಅಮೆರಿಕದ ಗೋಮಾಂಸದ ಕಾನೂನಿಗೆ ಹೊಂದಲಿಲ್ಲವೆಂದು ಹಂಚಲ್ಪಡದೆ ಉಗ್ರಾಣದಲ್ಲಿಯೇ ಉಳಿದುವು. ಮಿತ್ರದೇಶಗಳು ಕೊಡಮುಂದಾದ ೮೫ ಕೋಟಿ ಡಾಲರುಗಳಿಗೂ ಮಿಕ್ಕ ಹಣ ಮತ್ತು ಎಣ್ಣೆಯ ಮೌಲ್ಯದಲ್ಲಿ, ೨೦೦೭ರ ಹೊತ್ತಿಗೆ ಸಂತ್ರಸ್ತರಿಗಾಗಿ ಬಳಕೆಯಾಗಿದ್ದುದು ಕೇವಲ ೪ ಕೋಟಿಯಷ್ಟೆಂದು ಅಲ್ಲಿಯ ಪತ್ರಿಕೆಗಳೇ ಬಯಲಿಗೆಳೆದುವು. ಕೊಡುವುದಕ್ಕೆ ಸಿದ್ಧತೆ ಬೇಕಾದಂತೆ ಕೊಳ್ಳುವುದಕ್ಕೂ ಸಿದ್ಧತೆ ಬೇಕು. ನೆಂಟರು ಬಂದಮೇಲೆ ಚಾಪೆ ಹುಡುಕುವ ಮನೆಯಲ್ಲಿ ನೆಂಟರಿಗೂ ಸುಖವಿಲ್ಲ, ಮನೆಯವರಿಗೂ ಇಲ್ಲ.

ನಮ್ಮ ನೆರೆಯಲ್ಲಿಯೂ ಇಂತಹ ಬಿಗುಮಾನಕ್ಕೆ ಉದಾಹರಣೆಯುಂಟು. ೨೦೧೦ರಲ್ಲಿ ಪಾಕಿಸ್ತಾನವು ಭೀಕರವಾದ ನೆರೆಗೆ ಸಿಕ್ಕಿದಾಗ ಭಾರತವು ೫೦ ಲಕ್ಷ ಡಾಲರುಗಳನ್ನು ಕೊಡುವೆನೆಂದಿತು. ಅದನ್ನು ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೇ ಆ ದೇಶಕ್ಕೆ ಹಲವು ದಿನಗಳು ಹಿಡಿದುವು. ಕಡೆಗೆ ಹಣವು ವಿಶ್ವಸಂಸ್ಥೆಯ ಮೂಲಕ ಹೋಗಬೇಕಾಯಿತು. ಅಂದು ನಾವು, "ಜನರು ಮುಳುಗುತ್ತಿರುವಾಗ ಇದೆಂತಹ ಹಟ!" ಎಂದುಕೊಂಡೆವು. ಎಂಟು ವರ್ಷಗಳ ತರುವಾಯ ಆ ಮಾತನ್ನೇ ನಮಗೆ ನಾವು ಹೇಳಿಕೊಳ್ಳುವ ಪ್ರಸಂಗ ಬಂದಿತು.

೨೦೨೧ರ ಬೇಸಗೆಯು ಈ ವಾದವನ್ನು ಬೇರೊಂದು ಬಗೆಯಲ್ಲಿ ಬಿಡಿಸಿತು. ಕೋವಿಡ್ ಸಾಂಕ್ರಾಮಿಕದ ಎರಡನೆಯ ಅಲೆಯಲ್ಲಿ ಆಮ್ಲಜನಕವಿಲ್ಲದೆ ಆಸ್ಪತ್ರೆಗಳು ತತ್ತರಿಸುತ್ತಿದ್ದಾಗ, ನಲವತ್ತಕ್ಕೂ ಹೆಚ್ಚು ದೇಶಗಳಿಂದ ನೆರವು ಬಂದಿತು. ಭಾರತವು ಅದನ್ನು ಸ್ವೀಕರಿಸಿತು. ಬಹರೈನ್ ದೇಶದ ಆಮ್ಲಜನಕದ ಬೃಹತ್ ತೊಟ್ಟಿಗಳನ್ನು ಹೊತ್ತು ನೌಕಾಪಡೆಯ ತಲವಾರ್ ಎಂಬ ಹಡಗು ಮೇ ೫ರಂದು ಬಂದು ಸೇರಿದುದು ನವಮಂಗಳೂರು ಬಂದರಿಗೆ. ಎಂದರೆ ನಮ್ಮ ಘಾಟಿಯ ಬುಡಕ್ಕೇ. ಭಾರತವು ತಮ್ಮ ಆಸ್ಪತ್ರೆಗಳ ಕಷ್ಟಕಾಲದಲ್ಲಿ ನೆರವಾದಂತೆ ತಾವೂ ಈಗ ಭಾರತಕ್ಕೆ ನೆರವಾಗುವೆವೆಂದು ಅಮೆರಿಕದ ಅಧ್ಯಕ್ಷರಾಗಿದ್ದ ಬೈಡನ್ನರು ಹೇಳಿದರು. ನಾವೂ ಕೊಟ್ಟಿದ್ದೇವೆ, ಈಗ ಕೊಳ್ಳುತ್ತಿದ್ದೇವೆ, ಜಗತ್ತು ಒಬ್ಬರನ್ನೊಬ್ಬರು ಆತುಕೊಂಡಿದೆ ಎಂಬ ಅರ್ಥದಲ್ಲಿ ನಮ್ಮ ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಶೃಂಗ್ಲಾ ಅವರೂ ನುಡಿದರು. ಇದು ಮುಯ್ಯಿಯ ಮಾತಲ್ಲದೆ ಮತ್ತೇನು? ಆ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಮೊದಲೇ ಬರೆದಿದ್ದುದರಿಂದ ಕೊಳ್ಳುವಾಗ ತಲೆ ತಗ್ಗಿಸಬೇಕಾಗಲಿಲ್ಲ.

ಇನ್ನು ಕೊಡುವವರ ಧರ್ಮವನ್ನು ಕುರಿತು ಒಂದು ಮಾತು. ೨೦೨೩ರ ಫೆಬ್ರವರಿ ೬ರಂದು ತುರ್ಕಿಯಲ್ಲಿಯೂ ಸಿರಿಯಾದಲ್ಲಿಯೂ ಭೂಮಿ ನಡುಗಿದಾಗ, ಭಾರತವು 'ದೋಸ್ತ್' ಎಂಬ ಹೆಸರಿನ ಕಾರ್ಯಾಚರಣೆಯಿಂದ ರಕ್ಷಣಾದಳಗಳನ್ನೂ ಸೇನೆಯ ಆಸ್ಪತ್ರೆಯನ್ನೂ ತುರ್ಕಿಗೆ ಕಳುಹಿಸಿತು. ಎರಡು ವರ್ಷಗಳಾದ ಮೇಲೆ, ೨೦೨೫ರ ಮೇ ತಿಂಗಳಿನ ಸಂಘರ್ಷದಲ್ಲಿ ಆ ದೇಶವು ಪಾಕಿಸ್ತಾನದ ಪಕ್ಷವನ್ನು ವಹಿಸಿದಾಗ, "ಉಂಡ ಮನೆಗೆ ಎರಡು ಬಗೆದರು" ಎಂದು ನಮ್ಮಲ್ಲಿ ಅನೇಕರು ಕೆರಳಿದರು. ಅಲ್ಲಿಯ ಸೇಬಿನ ಹಣ್ಣನ್ನು ಕೊಳ್ಳಬಾರದೆಂಬ ಕೂಗೂ ಎದ್ದಿತು. ಆ ದೇಶದ ಸರಕಾರದ ನಡತೆಯನ್ನು ಖಂಡಿಸುವುದು, ಅಲ್ಲಿಗೆ ಹೋಗದಿರುವುದು, ಅಲ್ಲಿಯದನ್ನು ಕೊಳ್ಳದಿರುವುದು ಅವರವರ ಇಷ್ಟ. ಆದರೆ ಇಟ್ಟಿಗೆಯ ರಾಶಿಯಿಂದ ಹೊರತೆಗೆದ ಮಗುವಿನ ಮುಂದೆ ಲೆಕ್ಕವನ್ನು ಓದಬಾರದು. ೧೯೬೬ರಲ್ಲಿ ಗೋಧಿಯ ಹಡಗಿನೊಡನೆ ನಮ್ಮ ಮಾತನ್ನೂ ಕೊಳ್ಳನೋಡಿದವರನ್ನು ಕುರಿತು ನಾವು ಇಂದಿಗೂ ನೊಂದುಕೊಳ್ಳುವೆವಲ್ಲವೆ? ಹಾಗಿರಲು, ಕಂಬಳಿ ಕೊಟ್ಟವರಿಗೆ ಓಟನ್ನೂ ಕೊಡಬೇಕೆಂದು ನಾವು ಕೇಳುವುದೆಂತು? ಮುಯ್ಯಿಗೆ ಮುಯ್ಯಿಯೇ ಪ್ರತಿ. ಕಷ್ಟಕ್ಕೆ ಕಷ್ಟದಲ್ಲಿಯೇ ತೀರುವೆ.

ಇಷ್ಟನ್ನು ಹೇಳಿದ ಮೇಲೆ, ಗೃಹಸ್ಥರಾದ ನಮಗೆ ತೋರುವ ಮೂರು ಮಾತುಗಳನ್ನು ಮುಂದಿಟ್ಟು ಈ ಲೇಖನವನ್ನು ಮುಗಿಸುವೆವು.

ಮೊದಲನೆಯದು, ನಿಯಮವು ಮಳೆಗಾಲಕ್ಕೆ ಮುಂಚೆಯೇ ತಿಳಿದಿರಬೇಕು. ಎಲ್ಲರಿಗೂ ಒಂದೇ ಆಗಿರಬೇಕು. ೨೦೨೫ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ವಿದೇಶದ ದೇಣಿಗೆಯನ್ನು ಕೊಳ್ಳುವುದಕ್ಕೆ ಕೇಂದ್ರದ ಅನುಮತಿ ದೊರೆತಾಗ, ತಮಗೆ ೨೦೧೮ರಲ್ಲಿ ಇಲ್ಲದ ಅವಕಾಶವು ಈಗ ಇವರಿಗೆ ಹೇಗೆಂದು ಕೇರಳದವರು ಕೇಳಿದರು. ಒಂದು ಮನೆಯ ಮಕ್ಕಳಲ್ಲಿ ಒಬ್ಬನಿಗೆ ತೆರೆದ ಬಾಗಿಲು ಮತ್ತೊಬ್ಬನಿಗೆ ಮುಚ್ಚಿದಂತೆ ತೋರಿದರೂ ಸಾಕು, ಮನೆಯೊಳಗಿನ ನೆಮ್ಮದಿ ಕೆಡುವುದು.

ಎರಡನೆಯದು, ತುರ್ತು ರಕ್ಷಣೆಯನ್ನು ದೇಶವು ತಾನೇ ನಡೆಯಿಸಲಿ; ಅದಕ್ಕೆ ಬೇಕಾದ ಪಡೆಗಳೂ ಅನುಭವವೂ ನಮ್ಮಲ್ಲಿವೆ. ಆದರೆ ಬಿದ್ದ ಮನೆಯನ್ನು ಕಟ್ಟುವ ವರ್ಷಗಟ್ಟಲೆಯ ಕಾರ್ಯದಲ್ಲಿ ಮಿತ್ರರು ತಾವಾಗಿ ಕೊಟ್ಟುದನ್ನು, ಮನೆ ಕಳೆದುಕೊಂಡವರನ್ನು ಕೇಳಿ ಕೊಳ್ಳತಕ್ಕದ್ದು. ಬೇಡವೆನ್ನುವುದಾದರೆ ಅಷ್ಟನ್ನು ಬೇಡವೆಂದವರೇ ತುಂಬಿಕೊಡತಕ್ಕದ್ದು.

ಮೂರನೆಯದು, ಬಂದುದೂ ಹೋದುದೂ ಬರೆದಿರಬೇಕು. ಬರೆದುದನ್ನು ಯಾರು ಬೇಕಾದರೂ ನೋಡುವಂತಿರಬೇಕು. ರಾಜ್ಯ ರಾಜ್ಯಗಳ ನಡುವೆಯೂ ಇದೇ ಮಾತು. ೨೦೧೮ರಲ್ಲಿ ಕರ್ನಾಟಕವು ಕೇರಳಕ್ಕೆ ೧೦ ಕೋಟಿ ರೂಪಾಯಿಗಳನ್ನು ಘೋಷಿಸಿತು. ೨೦೨೪ರ ಜುಲೈ ೩೦ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ನೂರು ಮನೆಗಳನ್ನು ಕಟ್ಟಿಸಿಕೊಡುವೆವೆಂದು ನಮ್ಮ ಮುಖ್ಯಮಂತ್ರಿಗಳಾದ ಸಿದ್ದರಾಮಯ್ಯನವರು ಸಾರಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಆ ಮಾತಿಗೆ ಉತ್ತರ ಬಂದಿಲ್ಲವೆಂದು ಅವರು ಕೇರಳಕ್ಕೆ ಪತ್ರ ಬರೆಯಬೇಕಾಯಿತು. ಕೊಡುವೆನೆಂಬ ಮಾತು, ಕೊಟ್ಟ ವಸ್ತು, ತಲುಪಿದ ಮನೆ ಇವು ಮೂರೂ ಒಂದೇ ಪುಟದಲ್ಲಿ ಕಾಣುವಂತಿದ್ದರೆ ಇಂತಹ ಪತ್ರಗಳಿಗೆ ಎಡೆಯಿರುವುದಿಲ್ಲ.

ಬಾಳ್ಳುಪೇಟೆಯ ಹೆದ್ದಾರಿಯಲ್ಲಿ ಲಾರಿಗಳು ಮತ್ತೆ ಸಾಗುತ್ತಿವೆ. ಪ್ರತಿ ಆಷಾಢದಲ್ಲಿಯೂ ಘಾಟಿಯ ಕಡೆಯಿಂದ ಏನು ಸುದ್ದಿ ಬರುವುದೋ ಎಂದು ಇಲ್ಲಿಯವರು ಕಿವಿಗೊಟ್ಟಿರುವರು. ಆ ಮನೆಯ ಗೋಡೆಯು ಎದ್ದಿತು. ಮರುವರ್ಷದ ಮಳೆಗಾಲದಲ್ಲಿ ಪಕ್ಕದ ಬೀದಿಯ ಮನೆಯೊಂದರ ಮಾಡು ಹಾರಿಹೋದಾಗ ಮೊದಲು ಬಂದು ತಲುಪಿದ ಅಕ್ಕಿಯ ಮೂಟೆಯು ಆ ಮನೆಯೊಡತಿಯದೇ. ಅವಳ ಕೈಯಲ್ಲಿ ನೋಟುಪುಸ್ತಕವೂ ಇದ್ದಿತು. ಹಳೆಯ ಸಾಲಿನ ಮೇಲೆ ಗೀಟೆಳೆದು, ಅದರ ಕೆಳಗೆ ಆಕೆ ಹೊಸದೊಂದು ಸಾಲನ್ನು ಬರೆಯಿಸಿದಳು.